ಲಿಮಿಟ್ ಒಂದೇ, ಸೆಟ್ಟಿಂಗ್ ಮಾತ್ರ ಹತ್ತು ಕಡೆ: ಎಚ್‌ಟಿಟಿಪಿ ರಿಕ್ವೆಸ್ಟ್‌ಗಳನ್ನು ಒಂದೇ ಬಾಗಿಲಿಂದ ಕಳಿಸುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. 61 ದಿನ ಕಾರವಾರದ ಬೈತಖೋಲ್ ಬಂದರಿನಲ್ಲಿ ಕಟ್ಟಿ ನಿಂತ ಟ್ರಾಲರ್‌ಗಳು ಆಗಸ್ಟ್ 1ಕ್ಕೆ ಕಡಲಿಗೆ ಇಳಿಯುತ್ತವೆ. ಹಿಂದಿನ ರಾತ್ರಿ ಎಲ್ಲರ ಲಕ್ಷ್ಯವೂ ಗಾಳಿ ಮತ್ತು ಅಲೆಯ ಮೇಲೆ.

ಶಿರಸಿಯ ಮನೆಯಲ್ಲಿ ಕೂತು ನಾನು ಒಂದು ಸಣ್ಣ ವೆಬ್ ಪುಟ ನಡೆಸುತ್ತೇನೆ. ಕಾರವಾರ, ಬೇಲೇಕೇರಿ, ತದಡಿ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಹೀಗೆ ಆರು ಜಾಗದ ಅಲೆಯ ಎತ್ತರ ಮತ್ತು ಗಾಳಿಯ ವೇಗ ಅದರಲ್ಲಿ ಬರುತ್ತದೆ. ಪರಿಚಯದ ದೋಣಿಯವರು ನೋಡುತ್ತಾರೆ. ಎರಡು ವರ್ಷದ ಹಿಂದೆ ಆ ಜುಲೈ 31ರ ರಾತ್ರಿ ಪುಟ ಖಾಲಿಯಾಯಿತು. ಬೆಳಗಿನ ಜಾವ ಕಾರವಾರದಿಂದ ಫೋನು: "ಮಾರಾಯಾ, ನಿನ್ನ ಪುಟದಲ್ಲಿ ಏನೂ ಕಾಣ್ತಾ ಇಲ್ಲ. ಗಾಳಿ ಎಷ್ಟಿದೆ ಹೇಳು." ನನ್ನ ಹತ್ತಿರ ಉತ್ತರ ಇರಲಿಲ್ಲ. ಡೇಟಾ ಕೊಡುವ ಸರ್ವರ್ ನನ್ನ ಕೀಯನ್ನು, ಅಂದರೆ ನನ್ನನ್ನು ಗುರುತಿಸಲು ಅವರು ಕೊಟ್ಟ ಗುಟ್ಟಿನ ಸಂಕೇತವನ್ನು, 24 ಗಂಟೆ ತಡೆ ಹಿಡಿದಿತ್ತು.

ತಪ್ಪು ಸರ್ವರಿನದ್ದಲ್ಲ. ದಿನಕ್ಕೆ 1,000 ರಿಕ್ವೆಸ್ಟ್ (ಡೇಟಾ ಕೊಡಿ ಎಂದು ಪ್ರೋಗ್ರಾಮ್ ಕೇಳುವ ಒಂದೊಂದು ಸಲ) ಎಂದು ಅವರು ಸ್ಪಷ್ಟವಾಗಿ ಬರೆದಿದ್ದರು. ನನ್ನ ಬಳಿ ನಾಲ್ಕು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮುಗಳು, ಇದ್ದವು. ಒಂದು ಅಲೆಗೆ, ಒಂದು ಗಾಳಿಗೆ, ಒಂದು ಪುಟಕ್ಕೆ, ಒಂದು ಮೆಸೇಜ್ ಕಳಿಸಲಿಕ್ಕೆ. ಆರು ಜಾಗಕ್ಕೆ 15 ನಿಮಿಷಕ್ಕೊಮ್ಮೆ ಎಂದರೆ ಒಂದು ಸ್ಕ್ರಿಪ್ಟ್ ದಿನಕ್ಕೆ 576 ಸಲ ಕೇಳುತ್ತದೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಮಿತಿಯೊಳಗೆ. ನಾಲ್ಕೂ ಸೇರಿದರೆ 2,304! ಸ್ವಲ್ಪ ದಿನ ಅವರು ಸುಮ್ಮನಿದ್ದರು. ಆ ರಾತ್ರಿ ಜನ ಪುಟವನ್ನು ಮತ್ತೆ ಮತ್ತೆ ತೆರೆದರು, ಸ್ಕ್ರಿಪ್ಟ್ ಬಿಡುವಿಲ್ಲದೆ ಮತ್ತೆ ಮತ್ತೆ ಕೇಳಿತು, ಬಾಗಿಲು ಮುಚ್ಚಿತು.

ಅವತ್ತು ನನಗೆ ತಿಳಿದದ್ದು ಇಷ್ಟು. ಆಚೆ ಬದಿಯ ಸರ್ವರಿಗೆ ನಮ್ಮ ಸ್ಕ್ರಿಪ್ಟುಗಳ ಗುರುತಿಲ್ಲ. ಅದು ನೋಡುವುದು ಒಂದು ಕೀಯನ್ನು, ಇಲ್ಲವೇ ನಮ್ಮ ಸಂಪರ್ಕದ ಗುರುತಾದ ಒಂದು ಐಪಿ ವಿಳಾಸವನ್ನು. ಅಲ್ಲಿ ಲೆಕ್ಕ ಒಂದೇ. ಅಂದ ಮೇಲೆ ಇಲ್ಲಿಯೂ ಲೆಕ್ಕ ಒಂದೇ ಕಡೆ ಇರಬೇಕು, ಅಲ್ವಾ? ಅದನ್ನು ಕಟ್ಟುವ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆ ಪೈಥಾನ್‌ನ ರಿಕ್ವೆಸ್ಟ್ಸ್ ಎಂಬ ಸಿದ್ಧ ಕೋಡಿನ ಲೈಬ್ರರಿಯದು. ಬೇರೆ ಭಾಷೆ ಬಳಸುವವರಿಗೂ ಕ್ರಮ ಇದೇ.

1. ಯಾರು ಯಾರು ಹೊರಗೆ ಹೋಗುತ್ತಿದ್ದಾರೆ, ಎಣಿಸಿ

ಕೋಡ್ ಮುಟ್ಟುವ ಮೊದಲು ಎಲ್ಲ ಫೋಲ್ಡರ್ ಹುಡುಕಿ. ರಿಕ್ವೆಸ್ಟ್ ಕಳಿಸುವ ಪ್ರತಿ ಸಾಲನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಯಾವ ಸರ್ವರಿಗೆ, ಎಷ್ಟು ಹೊತ್ತಿಗೊಮ್ಮೆ, ಯಾವ ಕೀ ಬಳಸಿ, ಉತ್ತರಕ್ಕೆ ಕಾಯುವ ಗರಿಷ್ಠ ಹೊತ್ತು ಅಂದರೆ ಟೈಮ್‌ಔಟ್ ಎಷ್ಟು. ನನ್ನ ನಾಲ್ಕು ಸ್ಕ್ರಿಪ್ಟಿನಲ್ಲಿ 11 ಸಾಲು ಸಿಕ್ಕವು. ಏಳಕ್ಕೆ ಟೈಮ್‌ಔಟೇ ಇರಲಿಲ್ಲ. ರಿಕ್ವೆಸ್ಟ್ಸ್ ಲೈಬ್ರರಿ ತಾನಾಗಿ ಟೈಮ್‌ಔಟ್ ಹಾಕುವುದಿಲ್ಲ. ನೀವು ಹೇಳದಿದ್ದರೆ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಎಚ್‌ಟಿಟಿಪಿಎಕ್ಸ್ ಎಂಬ ಇನ್ನೊಂದು ಲೈಬ್ರರಿ ಹೇಳದಿದ್ದರೂ 5 ಸೆಕೆಂಡ್ ಹಾಕುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಇದು ನೆನಪಿರಲಿ.

2. ಆಚೆಯವರ ನಿಯಮ ಓದಿ, ನಮ್ಮ ಪಾಲು ಗೊತ್ತುಮಾಡಿ

ಪ್ರತಿ ಸೇವೆಯ ಬಳಕೆಯ ನಿಯಮದ ಪುಟ ತೆರೆದು ಅಂಕಿಗಳನ್ನು ಬರೆದುಕೊಳ್ಳಿ. ಮಿತಿಗಳು ಎಷ್ಟು ಬೇರೆ ಬೇರೆ ಇರುತ್ತವೆ ನೋಡಿ. ಓಪನ್-ಮೆಟಿಯೊ ಹವಾಮಾನ ಸೇವೆಯ ಉಚಿತ ಬಳಕೆಗೆ ನಿಮಿಷಕ್ಕೆ 600, ಗಂಟೆಗೆ 5,000, ದಿನಕ್ಕೆ 10,000. ಅದೂ ವ್ಯಾಪಾರಕ್ಕಲ್ಲದ ಕೆಲಸಕ್ಕೆ ಮಾತ್ರ. ಜಾಗದ ಹೆಸರಿನಿಂದ ಅಕ್ಷಾಂಶ ರೇಖಾಂಶ ಹುಡುಕಿಕೊಡುವ ಓಪನ್‌ಸ್ಟ್ರೀಟ್‌ಮ್ಯಾಪಿನ ನಾಮಿನಟಿಮ್ ಸೇವೆಗೆ ಸೆಕೆಂಡಿಗೆ ಒಂದೇ. ಅಲ್ಲಿ ಯೂಸರ್-ಏಜೆಂಟ್ ಹೆಡರಿನಲ್ಲಿ (ರಿಕ್ವೆಸ್ಟಿನ ಜೊತೆ ಹೋಗುವ ವಿವರದ ಸಾಲು) ನಿಮ್ಮ ಪ್ರೋಗ್ರಾಮಿನ ಗುರುತು ಹಾಕುವುದೂ ಕಡ್ಡಾಯ. ಗಿಟ್‌ಹಬ್ ಎಪಿಐ (ಕೋಡ್ ಇಡುವ ಆ ತಾಣಕ್ಕೆ ಪ್ರೋಗ್ರಾಮುಗಳು ಹೋಗುವ ಬಾಗಿಲು) ಲಾಗಿನ್ ಇಲ್ಲದವರಿಗೆ ಗಂಟೆಗೆ 60 ಕೊಡುತ್ತದೆ, ಟೋಕನ್ ಎಂಬ ಗುರುತಿನ ಸಂಕೇತ ಇದ್ದವರಿಗೆ 5,000. ಅಂಕಿಗಳು ಬದಲಾಗುತ್ತವೆ, ಕೆಲಸ ಶುರು ಮಾಡುವ ದಿನ ಇನ್ನೊಮ್ಮೆ ನೋಡಿ.

ದಿನದ ಮಿತಿ 100 ಇದ್ದರೆ ನಾನು 75ಕ್ಕಿಂತ ಜಾಸ್ತಿ ಬಳಸುವುದಿಲ್ಲ. ಐಪಿ ಲೆಕ್ಕದ ಮಿತಿ ಇದ್ದರೆ ಇನ್ನೂ ಕಡಿಮೆ. ಇದಕ್ಕೆ ಕಾರಣ ನಮ್ಮ ಮಳೆಗಾಲ. ಕರೆಂಟ್ ಹೋಯಿತು, ಬ್ರಾಡ್‌ಬ್ಯಾಂಡ್ ನಿಂತಿತು, ಮೊಬೈಲಿನ ಹಾಟ್‌ಸ್ಪಾಟಿಗೆ ಬಂದೆವು ಎಂದುಕೊಳ್ಳಿ. ಮೊಬೈಲ್ ಜಾಲದಲ್ಲಿ ಎಷ್ಟೋ ಗ್ರಾಹಕರು ಒಂದೇ ಹೊರಗಿನ ಐಪಿ ಹಂಚಿಕೊಂಡಿರುತ್ತಾರೆ. ಆಗ ಮಿತಿಯ ಪೂರ್ತಿ ಪಾಲು ನಮ್ಮದಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಕಡಲಿಗೆ ಹೋಗುವ ಬಿಡುವ ತೀರ್ಮಾನಕ್ಕೆ ಹವಾಮಾನ ಇಲಾಖೆ ಮತ್ತು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕೊಡುವ ಎಚ್ಚರಿಕೆಯೇ ಆಧಾರ. ನನ್ನ ಪುಟದ ತಲೆಯ ಮೇಲೆಯೇ ಹಾಗೆಂದು ಬರೆದಿದ್ದೇನೆ. ಇಂಥ ಪುಟ ಮಾಡುವವರು ನೀವೂ ಬರೆಯಿರಿ.

3. ಎಲ್ಲ ಅಂಕಿಗಳೂ ಒಂದು ಫೈಲಿಗೆ

ಕೋಡಿನೊಳಗೆ ಅಂಕಿ ಬೇಡ. ಒಂದು ಯಾಮಲ್ ಫೈಲ್ (ಹೆಸರು, ಅದರೆದುರು ಅಂಕಿ ಎಂದು ಬರೆಯುವ ಸಾದಾ ಪಠ್ಯದ ಫೈಲ್) ಮಾಡಿ. ಕನ್ನಡವನ್ನೂ ಹಿಡಿಯುವ ಯುಟಿಎಫ್-8 ಅಕ್ಷರ ಕ್ರಮದಲ್ಲಿ ಉಳಿಸಿದರೆ ಕೀಲಿಗಳು (ಎಡಗಡೆಯ ಹೆಸರುಗಳು) ಕನ್ನಡದಲ್ಲೇ ಇರಬಹುದು. ನನ್ನದು ಹೀಗಿದೆ ('ಹಂಡೆ' ಏನೆಂದು 5ನೆಯ ಹೆಜ್ಜೆಯಲ್ಲಿದೆ):

```
ಸಾಮಾನ್ಯ:
  ಸಂಪರ್ಕಕ್ಕೆ_ಸೆಕೆಂಡು: 3.05
  ಉತ್ತರಕ್ಕೆ_ಸೆಕೆಂಡು: 20
  ಒಟ್ಟು_ಗಡುವು: 45
  ಒಟ್ಟು_ಪ್ರಯತ್ನ: 4
ಸೇವೆಗಳು:
  ಅಲೆ_ಗಾಳಿ:
    ನಿಮಿಷಕ್ಕೆ: 50
    ಹಂಡೆ: 10
    ದಿನಕ್ಕೆ: 750
    ಹಳೆಯದು_ನಡೆಯುವ_ನಿಮಿಷ: 30
  ಜಾಗದ_ಹೆಸರು:
    ನಿಮಿಷಕ್ಕೆ: 50
    ಹಂಡೆ: 1
    ದಿನಕ್ಕೆ: 200
    ಹಳೆಯದು_ನಡೆಯುವ_ದಿನ: 90
```

ಮೇಲಿನ ಭಾಗ ಎಲ್ಲರಿಗೂ. ಕೆಳಗಿನದು ಆಯಾ ಸೇವೆಗೆ. ಸೇವೆಯ ಕೆಳಗೆ ಟೈಮ್‌ಔಟ್ ಬರೆದಿದ್ದರೆ ಅದನ್ನು ತಗೊಳ್ಳಬೇಕು, ಇಲ್ಲದಿದ್ದರೆ ಮೇಲಿನದು.

ಕನ್ನಡದ ಕೀಲಿ ಬಳಸುವವರು ಒಂದು ಕಡೆ ಎಡವುತ್ತೀರಿ. 'ಟೈಮ್‌ಔಟ್' ಎಂದು ಬರೆಯುವಾಗ ಮ್ ಮತ್ತು ಔ ನಡುವೆ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ತೆರೆಯ ಮೇಲೆ ಎರಡೂ ಒಂದೇ ಥರ. ಪ್ರೋಗ್ರಾಮಿಗೆ ಮಾತ್ರ ಎರಡೂ ಬೇರೆ. ನನ್ನ ಒಂದು ಸಂಜೆ ಇದನ್ನು ಹುಡುಕುವುದರಲ್ಲೇ ಹೋಯಿತು. ಅದಕ್ಕೇ ಮೇಲಿನ ಕೀಲಿಗಳಲ್ಲಿ ಅಂಥ ಪದ ಒಂದೂ ಇಲ್ಲ.

ಎಪಿಐ ಕೀ ಈ ಫೈಲಿನಲ್ಲಿ ಬೇಡ. ಫೈಲನ್ನು ಕೋಡಿನ ದಾಖಲೆ ಇಡುವ ಗಿಟ್‌ಗೆ ಹಾಕುತ್ತೀರಿ, ಕೀ ಅದರ ಜೊತೆ ಹೋಗಿಬಿಡುತ್ತದೆ. ಕೋಡಿನ ಹೊರಗೆ, ಕಂಪ್ಯೂಟರಿನ ವ್ಯವಸ್ಥೆಯೇ ಇಟ್ಟುಕೊಳ್ಳುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ.

4. ಹೊರಗೆ ಹೋಗಲು ಒಂದೇ ಬಾಗಿಲು

ಈಗ ಒಂದು ಮಾಡ್ಯೂಲ್, ಅಂದರೆ ಎಲ್ಲ ಸ್ಕ್ರಿಪ್ಟೂ ಬಳಸುವ ಒಂದು ಕೋಡ್ ಫೈಲ್, ಬರೆಯಿರಿ. ಫೈಲ್ ಓದುವುದು, ಸೆಷನ್ ತೆರೆಯುವುದು, ರಿಕ್ವೆಸ್ಟ್ ಕಳಿಸುವುದು ಎಲ್ಲ ಅದರೊಳಗೆ. ಉಳಿದ ಸ್ಕ್ರಿಪ್ಟುಗಳು ಇದನ್ನೇ ಕೇಳಬೇಕು. ಅವು ನೇರವಾಗಿ ರಿಕ್ವೆಸ್ಟ್ಸ್ ಲೈಬ್ರರಿ ತರುವಂತಿಲ್ಲ.

ಸೆಷನ್ ಬಳಸಿದರೆ ಇನ್ನೊಂದು ಲಾಭ ಇದೆ. ಪ್ರತಿ ಸಲ ಹೊಸ ಸಂಪರ್ಕ ಕಟ್ಟುವುದು ತಪ್ಪುತ್ತದೆ, ತೆರೆದ ಸಂಪರ್ಕವನ್ನೇ ಮತ್ತೆ ಬಳಸಬಹುದು. ನಮ್ಮ ಕಡೆಯ ನಿಧಾನದ ಇಂಟರ್‌ನೆಟ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸುಮ್ಮನೆ ತೆರೆದ ಸೆಷನ್ ಒಂದು ಸರ್ವರಿಗೆ 10 ಸಂಪರ್ಕದವರೆಗೆ ಕಾದಿಡುತ್ತದೆ. ನಮ್ಮ ಕೆಲಸಕ್ಕೆ 2 ಸಾಕು.

ಟೈಮ್‌ಔಟ್ ವಿಚಾರದಲ್ಲಿ ಹುಷಾರು. ಸೆಷನ್ನಿಗೆ ಟೈಮ್‌ಔಟ್ ಎಂಬ ಗುಣ ಅಂಟಿಸಿದರೆ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ನಾನೂ ಹಾಗೇ ಮಾಡಿದ್ದೆ. ಪೈಥಾನ್ ತಕರಾರು ಮಾಡುವುದಿಲ್ಲ, ರಿಕ್ವೆಸ್ಟ್ಸ್ ಅದನ್ನು ನೋಡುವುದೂ ಇಲ್ಲ. ಸರಿಯಾದ ದಾರಿ ಎಂದರೆ ಎಚ್‌ಟಿಟಿಪಿ ಅಡಾಪ್ಟರ್ (ರಿಕ್ವೆಸ್ಟನ್ನು ನಿಜಕ್ಕೂ ಹೊರಗೆ ಕಳಿಸುವ ಭಾಗ) ಕ್ಲಾಸನ್ನು ವಿಸ್ತರಿಸಿ, ಅದರ ಸೆಂಡ್ ಫಂಕ್ಷನ್ನಿನಲ್ಲಿ 'ಟೈಮ್‌ಔಟ್ ಬಂದಿಲ್ಲವಾದರೆ ಫೈಲಿನದ್ದನ್ನು ಹಾಕು' ಎಂದು ಬರೆಯುವುದು. ಆಮೇಲೆ ಆ ಅಡಾಪ್ಟರನ್ನು ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಎರಡಕ್ಕೂ ಜೋಡಿಸಿ.

ಎರಡು ಟೈಮ್‌ಔಟ್ ಯಾಕೆ ಎಂದರೆ, ಒಂದು ಸಂಪರ್ಕ ಸಿಗುವವರೆಗೆ, ಇನ್ನೊಂದು ಉತ್ತರಕ್ಕೆ. ತಲುಪದ ಡೇಟಾವನ್ನು ಟಿಸಿಪಿ (ಇಂಟರ್‌ನೆಟ್‌ನ ಸಾಗಣೆ ಕ್ರಮ) ಮತ್ತೆ ಕಳಿಸುವ ಅವಧಿ 3 ಸೆಕೆಂಡಿನ ಲೆಕ್ಕದಲ್ಲಿರುವುದರಿಂದ ಅದಕ್ಕಿಂತ ತುಸು ಜಾಸ್ತಿ ಇಡಿ ಎಂದು ರಿಕ್ವೆಸ್ಟ್ಸ್‌ನ ಕೈಪಿಡಿಯೇ ಹೇಳುತ್ತದೆ. ಆ 3.05 ಬಂದದ್ದು ಅಲ್ಲಿಂದ. ಎರಡನೆಯ ಟೈಮ್‌ಔಟ್ ಒಟ್ಟು ಸಮಯದ ಲೆಕ್ಕ ಅಲ್ಲ. ಒಂದು ಚೂರು ಡೇಟಾ ಬಂದ ಮೇಲೆ ಮುಂದಿನ ಚೂರು ಬರುವವರೆಗಿನ ಅಂತರ ಅಷ್ಟೇ. ಸರ್ವರ್ 10 ಸೆಕೆಂಡಿಗೆ ಒಂದೊಂದು ಬೈಟ್ ಕಳಿಸುತ್ತ ಕೂತರೆ 20 ಸೆಕೆಂಡಿನ ಟೈಮ್‌ಔಟ್ ಯಾವತ್ತೂ ಬಡಿಯುವುದಿಲ್ಲ. ಹಾಗಾಗಿ ಫೈಲಿನಲ್ಲಿ ಒಟ್ಟು ಗಡುವು ಬೇರೆ ಇದೆ. ಉತ್ತರವನ್ನು ಚೂರು ಚೂರಾಗಿ ಓದಿ, ಪ್ರತಿ ಚೂರಿನ ನಂತರ ಗಡಿಯಾರ ನೋಡಿ, 45 ದಾಟಿದರೆ ಬಿಟ್ಟುಬಿಡಿ.

5. ಹಂಡೆ, ದಬ್ಬೆ, ತಂಬಿಗೆ

ರೇಟ್ ಲಿಮಿಟ್ ಎಂದರೆ ಏನು ಎಂದು ತಂಗಿಗೆ ಹೇಳಿಕೊಡಬೇಕಿತ್ತು. ಅಜ್ಜನ ಮನೆಯ ಹಿತ್ತಲು ನೆನಪಾಯಿತು. ಗುಡ್ಡದ ಅಬ್ಬಿ ನೀರು ಅಡಿಕೆ ಮರದ ದಬ್ಬೆಯಲ್ಲಿ ಇಳಿದು ಬಂದು ಬಚ್ಚಲಿನ ಹೊರಗಿನ ಹಂಡೆಗೆ ಬೀಳುತ್ತಿತ್ತು. ಹಗಲೂ ರಾತ್ರಿ ಒಂದೇ ಧಾರೆ. ಹಂಡೆ ತುಂಬಿದರೆ ಉಳಿದ ನೀರು ಹೊರಚೆಲ್ಲಿ ತೋಟಕ್ಕೆ ಹೋಗುತ್ತಿತ್ತು. ಹಂಡೆ ತುಂಬಿದ್ದಾಗ ನಾಲ್ಕು ಮಕ್ಕಳು ಒಟ್ಟಿಗೆ ಕೈಕಾಲು ತೊಳೆಯಬಹುದು. ಖಾಲಿಯಾಯಿತೋ, ದಬ್ಬೆಯ ವೇಗಕ್ಕೆ ಎಲ್ಲರೂ ಕಾಯಬೇಕು.

ಟೋಕನ್ ಬಕೆಟ್ ಎನ್ನುವ ಕ್ರಮ ಇದೇ. ದಬ್ಬೆಯ ಧಾರೆ ಎಂದರೆ ನಿಮಿಷಕ್ಕೆ ಇಷ್ಟು. ಹಂಡೆಯ ಅಳತೆ ಎಂದರೆ ಒಂದೇ ಸಲಕ್ಕೆ ಎಷ್ಟು ಕಳಿಸಬಹುದು ಎನ್ನುವುದು. ಒಂದು ರಿಕ್ವೆಸ್ಟಿಗೆ ಒಂದು ತಂಬಿಗೆ.

ಕೋಡಿನಲ್ಲಿ ಹಂಡೆಗೆ ಎರಡೇ ಅಂಕಿ ಸಾಕು: ಈಗ ಎಷ್ಟು ತಂಬಿಗೆ ಇದೆ, ಕೊನೆಯ ಸಲ ನೋಡಿದ್ದು ಯಾವಾಗ. ರಿಕ್ವೆಸ್ಟ್ ಬಂದಾಗ ನಡುವೆ ಕಳೆದ ಸೆಕೆಂಡುಗಳನ್ನು ಧಾರೆಯ ವೇಗಕ್ಕೆ ಗುಣಿಸಿ ಕೂಡಿಸಿ. ಹಂಡೆಯ ಅಳತೆ ಮೀರಿದರೆ ಅಲ್ಲಿಗೆ ನಿಲ್ಲಿಸಿ. ಒಂದು ತಂಬಿಗೆ ಇದ್ದರೆ ಕಳೆದು ಬಿಡಿ. ಇಲ್ಲದಿದ್ದರೆ ಎಷ್ಟು ಹೊತ್ತಿಗೆ ಒಂದು ತುಂಬುತ್ತದೋ ಅಷ್ಟು ಹೊತ್ತು ಮಲಗಿ, ಮತ್ತೆ ನೋಡಿ. ಹಿಂದೆ ಮುಂದೆ ಆಗದ ಗಡಿಯಾರ ಬಳಸಿ, ಪೈಥಾನಿನಲ್ಲಿ ಅದಕ್ಕೆ ಮೊನೊಟಾನಿಕ್ ಎನ್ನುತ್ತಾರೆ. ನೋಡುವುದು ಮತ್ತು ಕಳೆಯುವುದು ಎರಡೂ ಒಂದೇ ಲಾಕ್ (ಒಮ್ಮೆಗೆ ಒಬ್ಬರನ್ನೇ ಬಿಡುವ ಬೀಗ) ಒಳಗೆ ನಡೆಯಬೇಕು. ಇಲ್ಲದಿದ್ದರೆ ಒಟ್ಟಿಗೆ ಓಡುವ ಎರಡು ಥ್ರೆಡ್ ಒಂದೇ ತಂಬಿಗೆಗೆ ಕೈ ಹಾಕುತ್ತವೆ.

ಆಚೆಯವರ ಮಿತಿ ನಿಮಿಷಕ್ಕೆ 60 ಇದ್ದರೆ ಧಾರೆಯನ್ನೂ 60 ಇಟ್ಟುಬಿಡಬೇಡಿ. ಹಂಡೆಯಲ್ಲಿ 10 ತುಂಬಿರುತ್ತದೆ, ಆ ನಿಮಿಷದಲ್ಲಿ 60 ಬಂದು ಬೀಳುತ್ತದೆ, ಒಟ್ಟು 70 ಆಗುತ್ತದೆ. ಧಾರೆ 50, ಹಂಡೆ 10 ಎಂದರೆ ಸರಿ. ಸೆಕೆಂಡಿಗೆ ಒಂದೇ ಎನ್ನುವ ಸೇವೆಗೆ ಹಂಡೆಯೂ 1 ಇರಬೇಕು. ಕೂಡಿಟ್ಟು ಒಟ್ಟಿಗೆ ಖರ್ಚು ಮಾಡುವ ಹಾಗಿಲ್ಲ.

ದಿನದ ಮಿತಿಗೆ ಹಂಡೆ ಬೇಡ, ಬರೀ ಎಣಿಕೆ ಸಾಕು. ದಿನ ಬದಲಾಗುವುದು ಆಚೆಯವರ ಗಡಿಯಾರದಲ್ಲಿ ಎನ್ನುವುದು ನೆನಪಿಡಿ. ಅವರದ್ದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಆಗಿದ್ದರೆ ನಮಗೆ ಬೆಳಿಗ್ಗೆ 5:30ಕ್ಕೆ ಹೊಸ ದಿನ.

6. ಸ್ಕ್ರಿಪ್ಟ್ ನಾಲ್ಕು, ಹಂಡೆ ಒಂದು

ನನ್ನ ಕಥೆಯ ಪೂರ್ತಿ ಎಡವಟ್ಟು ಇಲ್ಲಿತ್ತು. ಮೇಲಿನ ಹಂಡೆ ಒಂದು ಪ್ರೊಸೆಸ್ಸಿನ (ಓಡುತ್ತಿರುವ ಒಂದು ಪ್ರೋಗ್ರಾಮಿನ) ಮೆಮೊರಿಯಲ್ಲಿರುತ್ತದೆ. ನಾಲ್ಕು ಸ್ಕ್ರಿಪ್ಟ್ ಓಡಿಸಿದರೆ ನಾಲ್ಕು ಹಂಡೆ, ಅಂದರೆ ನಾಲ್ಕು ಪಟ್ಟು ನೀರು. ಒಂದೇ ಮಾಡ್ಯೂಲ್ ಬಳಸಿದರೂ ಅಷ್ಟೇ.

ಒಂದೇ ಕಂಪ್ಯೂಟರ್ ಆಗಿದ್ದರೆ ಒಂದೇ ಫೈಲಿನ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ಸಾಕು. ಒಂದು ಟೇಬಲ್, ಪ್ರತಿ ಸೇವೆಗೆ ಒಂದು ಸಾಲು. ಸಾಲಿನಲ್ಲಿ ಉಳಿದ ತಂಬಿಗೆ, ಕೊನೆಯ ಸಮಯ, ಇವತ್ತಿನ ಎಣಿಕೆ. ಓದಿ ಬರೆಯುವ ಒಂದು ಸುತ್ತನ್ನು, ಅಂದರೆ ಟ್ರಾನ್ಸಾಕ್ಷನ್ನನ್ನು, 'ಬಿಗಿನ್ ಇಮಿಡಿಯೇಟ್' ಎಂದು ಶುರು ಮಾಡಿ. ಆಗ ಓದುವ ಮೊದಲೇ ಬರೆಯುವ ಲಾಕ್ ಸಿಗುತ್ತದೆ, ಎರಡನೆಯವನು ಹೊರಗೆ ನಿಲ್ಲುತ್ತಾನೆ. ಇಲ್ಲಿ ಮೊನೊಟಾನಿಕ್ ಗಡಿಯಾರ ಬೇಡ, ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಅದರ ಲೆಕ್ಕ ಮೊದಲಿಂದ ಶುರುವಾಗುತ್ತದೆ. ಸಾಮಾನ್ಯ ಗಡಿಯಾರ ಬಳಸಿ, ಸಮಯ ಹಿಂದಕ್ಕೆ ಹೋಗಿದ್ದರೆ ಕಳೆದ ಸೆಕೆಂಡನ್ನು ಸೊನ್ನೆ ಎಂದುಕೊಳ್ಳಿ. ಎರಡು ಮೂರು ಕಂಪ್ಯೂಟರ್ ಇದ್ದರೆ ಎಲ್ಲವೂ ಹಂಚಿಕೊಳ್ಳಬಲ್ಲ ರೆಡಿಸ್ ಡೇಟಾಬೇಸಿನಂಥದ್ದು ಬೇಕು. ಅಲ್ಲಿಯೂ ಕೆಲಸ ಇದೇ.

ಕ್ರಾನ್ (ಗೊತ್ತಾದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಹೊತ್ತನ್ನೂ ಸರಿಮಾಡಿ. ಎಲ್ಲ ಸ್ಕ್ರಿಪ್ಟೂ ಗಂಟೆಯ 0ನೆಯ ನಿಮಿಷಕ್ಕೇ ಏಳುವುದು ಬೇಡ. ಒಂದನ್ನು 7ಕ್ಕೆ, ಇನ್ನೊಂದನ್ನು 22ಕ್ಕೆ ಇಡಿ.

7. ಮತ್ತೆ ಕೇಳುವುದು: ಯಾವಾಗ, ಎಷ್ಟು ಸಲ

ಪ್ರತಿ ಉತ್ತರದ ಜೊತೆ ಒಂದು ಅಂಕಿಯ ಕೋಡ್ ಬರುತ್ತದೆ. 429 ಎಂದರೆ 'ಜಾಸ್ತಿಯಾಯಿತು, ನಿಲ್ಲು' ಎಂದು ಸರ್ವರ್ ಹೇಳುವ ಮಾತು. 2012ರ ಇಂಟರ್‌ನೆಟ್ ನಿಯಮದ ದಾಖಲೆ ಆರ್‌ಎಫ್‌ಸಿ 6585ರಲ್ಲಿ ಇದು ಬಂತು. ಜೊತೆಗೆ ರಿಟ್ರೈ-ಆಫ್ಟರ್ ಎಂಬ ಹೆಡರ್ ಬರಬಹುದು. ಅದರಲ್ಲಿ ಸೆಕೆಂಡುಗಳ ಲೆಕ್ಕ ಇರಬಹುದು, ಇಲ್ಲವೇ ಒಂದು ದಿನಾಂಕ ಮತ್ತು ಸಮಯ. ಎರಡನ್ನೂ ಓದಲು ನಿಮ್ಮ ಕೋಡಿಗೆ ಬರಬೇಕು.

429 ಒಂದು ಸ್ಕ್ರಿಪ್ಟಿಗೆ ಬಂದರೂ ಅದು ಎಲ್ಲರಿಗೂ ಹೇಳಿದ ಮಾತು. ಹಾಗಾಗಿ ಅದೇ ಟೇಬಲ್ಲಿನಲ್ಲಿ 'ಇಷ್ಟು ಹೊತ್ತಿನವರೆಗೆ ಬಾಗಿಲು ಮುಚ್ಚಿದೆ' ಎಂದು ಬರೆದಿಡಿ. ಬೇರೆ ಸ್ಕ್ರಿಪ್ಟ್ ಬಂದಾಗ ಮೊದಲು ಅದನ್ನು ನೋಡಲಿ. ಈ ಒಂದು ಕಾಲಂ ಅವತ್ತು ಇದ್ದಿದ್ದರೆ ಕೀ ತಡೆ ಬೀಳುತ್ತಿರಲಿಲ್ಲ.

502, 503, 504 (ಸರ್ವರಿನ ಕಡೆಯ ತೊಂದರೆ) ಬಂದಾಗ ಮತ್ತು ಸಂಪರ್ಕ ಸಿಗದಿದ್ದಾಗ ಮತ್ತೆ ಕೇಳಬಹುದು. 400, 401, 403, 404 (ನಮ್ಮ ಕೇಳಿಕೆಯಲ್ಲೇ ತೊಂದರೆ) ಬಂದರೆ ಕೇಳಬೇಡಿ. ಕೀ ತಪ್ಪಿದ್ದರೆ ನೂರು ಸಲ ಕೇಳಿದರೂ ತಪ್ಪೇ. ಪ್ರತಿ ಸಲ ಕಾಯುವ ಹೊತ್ತು ದುಪ್ಪಟ್ಟಾಗಲಿ: 2, 4, 8 ಸೆಕೆಂಡು. ಅದರಲ್ಲೂ ಸರಿಯಾಗಿ 4 ಅಲ್ಲ, 0ಯಿಂದ 4ರ ನಡುವೆ ಯಾವುದಾದರೂ ಒಂದು. ನಮ್ಮೂರಲ್ಲಿ ಕರೆಂಟ್ ಬಂದ ಕೂಡಲೇ ಎಲ್ಲರ ತೋಟದ ಪಂಪೂ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಕುಸಿಯುವುದು ಗೊತ್ತಲ್ಲ? ಸರ್ವರ್ ಎದ್ದ ಕೂಡಲೇ ಎಲ್ಲರೂ ಒಂದೇ ಹೊತ್ತಿಗೆ ನುಗ್ಗಿದರೆ ಅದೇ ಆಗುತ್ತದೆ.

ರಿಕ್ವೆಸ್ಟ್ಸ್‌ನ ಕೆಳಗೆ ಇರುವ ಯುಆರ್‌ಎಲ್‌ಲಿಬ್3ರಲ್ಲಿ ರಿಟ್ರೈ ಎಂಬ ಸಿದ್ಧ ಕ್ಲಾಸ್ ಇದೆ. ನಾನು ಅದನ್ನು ಬಳಸುವುದಿಲ್ಲ. ಅದು ಕೆಟ್ಟದ್ದು ಎಂದಲ್ಲ. ಅದರ ಮರುಪ್ರಯತ್ನ ನಡೆಯುವುದು ನಮ್ಮ ಹಂಡೆಯ ಕೆಳಗೆ. ನಾವು ಒಂದು ತಂಬಿಗೆ ಕಳೆದಿರುತ್ತೇವೆ, ಅದು ಒಳಗೊಳಗೇ ನಾಲ್ಕು ಸಲ ಹೋಗಿ ಬಂದಿರುತ್ತದೆ. ಜೊತೆಗೆ ಅದರ ಮೊದಲ ಮರುಪ್ರಯತ್ನಕ್ಕೆ ಕಾಯುವ ಹೊತ್ತೇ ಇಲ್ಲ, ರಿಟ್ರೈ-ಆಫ್ಟರ್ ಬರದಿದ್ದರೆ ತಕ್ಷಣ ಹೋಗುತ್ತದೆ. ಹಂಡೆಯನ್ನು ಅಡಾಪ್ಟರಿನ ಸೆಂಡ್ ಒಳಗಿಡಿ, ಮರುಪ್ರಯತ್ನದ ಲೂಪನ್ನು ಅದರ ಹೊರಗೆ ನೀವೇ ಬರೆಯಿರಿ. ಆಗ ಪ್ರತಿ ಪ್ರಯತ್ನಕ್ಕೂ ತಂಬಿಗೆ ಖರ್ಚಾಗುತ್ತದೆ. ರಿಡೈರೆಕ್ಟ್ ಆದರೆ (ಸರ್ವರ್ ಬೇರೆ ವಿಳಾಸಕ್ಕೆ ಕಳಿಸಿದರೆ) ಅದೂ ಲೆಕ್ಕಕ್ಕೆ ಬರುತ್ತದೆ.

ಪೋಸ್ಟ್ ರಿಕ್ವೆಸ್ಟನ್ನು (ಏನನ್ನಾದರೂ ಕಳಿಸುವ, ಬದಲಿಸುವ ಬಗೆಯದ್ದು) ಮಾತ್ರ ಕಣ್ಣು ಮುಚ್ಚಿ ಮತ್ತೆ ಕಳಿಸಬೇಡಿ. ಒಮ್ಮೆ ಬೇರೆ ಕೆಲಸದಲ್ಲಿ, ಅಡಿಕೆ ದರದ ಮೆಸೇಜ್ ಕಳಿಸುವಾಗ ನನಗೆ ಟೈಮ್‌ಔಟ್ ಬಂತು. ಮೆಸೇಜ್ ಹೋಗಿಲ್ಲ ಎಂದುಕೊಂಡು ಪ್ರೋಗ್ರಾಮ್ ಮತ್ತೆ ಕಳಿಸಿತು. ನಿಜಕ್ಕೂ ಹೋಗಿತ್ತು, ಉತ್ತರ ಮಾತ್ರ ತಲುಪಿರಲಿಲ್ಲ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟಿನ ಅದೇ ದರ ಒಬ್ಬೊಬ್ಬರಿಗೆ ಮೂರು ಸಲ ಹೋಯಿತು. ಒಂದೇ ಕೆಲಸ ಎಂದು ಗುರುತಿಸುವ ಕೀಯನ್ನು ಆ ಸೇವೆ ಒಪ್ಪುವುದಾದರೆ ಅದನ್ನು ಜೊತೆಗೆ ಕಳಿಸಿ. ಇಲ್ಲದಿದ್ದರೆ ಮತ್ತೆ ಕಳಿಸುವುದನ್ನೇ ಬಿಡಿ.

8. ಕೇಳದೇ ಇರುವುದು

ಗಾಳಿಯ ಮುನ್ಸೂಚನೆ ನಿಮಿಷ ನಿಮಿಷಕ್ಕೂ ಬದಲಾಗುವುದಿಲ್ಲ. ತದಡಿ ಬಂದರು ಜಾಗ ಬಿಟ್ಟು ಹೋಗುವುದೇ ಇಲ್ಲ. ಬಂದ ಉತ್ತರವನ್ನು ಹೊತ್ತಿನ ಜೊತೆ ಉಳಿಸಿಡಿ. ಅರ್ಧ ಗಂಟೆಯೊಳಗೆ ಮತ್ತೆ ಯಾರಾದರೂ ಕೇಳಿದರೆ ಅದನ್ನೇ ಕೊಡಿ. ಸರ್ವರ್ ಈಟ್ಯಾಗ್ (ಆ ಉತ್ತರದ ಆವೃತ್ತಿಯ ಗುರುತು) ಕೊಡುವುದಾದರೆ ಮುಂದಿನ ಸಲ ಅದನ್ನು ತೋರಿಸಿ ಕೇಳಿ. ಬದಲಾಗದಿದ್ದರೆ 304 ಎಂದು ಚಿಕ್ಕ ಉತ್ತರ ಬರುತ್ತದೆ.

ಇದಾದ ಮೇಲೆ ನನ್ನ ಲೆಕ್ಕ: ಆರು ಜಾಗ, ಅಲೆ ಮತ್ತು ಗಾಳಿ ಎಂದು ಎರಡು ಬಗೆ, ಅರ್ಧ ಗಂಟೆಗೊಮ್ಮೆ. ದಿನಕ್ಕೆ 576. ಪುಟವನ್ನು ಹತ್ತು ಜನ ನೋಡಿದರೂ ಅಷ್ಟೇ, ಸಾವಿರ ಜನ ನೋಡಿದರೂ ಅಷ್ಟೇ.

ಹೊಸದು ಸಿಗದಿದ್ದಾಗ ಪುಟ ಖಾಲಿ ಬಿಡಬೇಡಿ. ಹಳೆಯದನ್ನೇ ತೋರಿಸಿ, 'ರಾತ್ರಿ 2:30ರದ್ದು' ಎಂದು ದೊಡ್ಡದಾಗಿ ಬರೆಯಿರಿ. ಹೊತ್ತು ಬರೆಯದೆ ಹಳೆಯ ಅಂಕಿ ತೋರಿಸುವುದು ಖಾಲಿ ಪುಟಕ್ಕಿಂತ ಅಪಾಯ.

9. ಮನೆಯಲ್ಲೇ ಸುಳ್ಳು ಸರ್ವರ್ ಮಾಡಿ ನೋಡಿ

ನಿಜವಾದ ಸರ್ವರಿನ ಮೇಲೆ ಪರೀಕ್ಷೆ ಬೇಡ. ಪೈಥಾನಿನಲ್ಲೇ ಇರುವ ಸಣ್ಣ ಎಚ್‌ಟಿಟಿಪಿ ಸರ್ವರಿನಿಂದ ಸುಳ್ಳು ಸರ್ವರ್ ಬರೆಯಬಹುದು, ಮೂವತ್ತು ಸಾಲೂ ಆಗುವುದಿಲ್ಲ. ಮೊದಲ ಎರಡು ಸಲ 429 ಮತ್ತು 'ರಿಟ್ರೈ-ಆಫ್ಟರ್ 7' ಕೊಡಲಿ, ಮೂರನೆಯ ಸಲ 200 (ಸರಿಯಾದ ಉತ್ತರ) ಕೊಡಲಿ. ಈಗ ನಾಲ್ಕೂ ಸ್ಕ್ರಿಪ್ಟನ್ನು ಒಟ್ಟಿಗೆ ಓಡಿಸಿ. ಮೊದಲ 429 ಆದ ಮೇಲೆ 7 ಸೆಕೆಂಡ್ ಯಾರೂ ಬಾಗಿಲು ಬಡಿಯಬಾರದು. ಒಬ್ಬರು ಬಡಿದರೂ ನಿಮ್ಮ ಹಂಡೆ ಇನ್ನೂ ಒಂದಾಗಿಲ್ಲ. ಹಾಗೇ ಬೈಟ್ ಬೈಟಾಗಿ ಉತ್ತರ ಕೊಡುವ ಇನ್ನೊಂದು ಸುಳ್ಳು ಸರ್ವರ್ ಮಾಡಿ, 45 ಸೆಕೆಂಡಿಗೆ ಕೈಬಿಡುತ್ತದೋ ನೋಡಿ.

ಪ್ರತಿ ರಿಕ್ವೆಸ್ಟಿಗೂ ಲಾಗಿನಲ್ಲಿ ಒಂದು ಸಾಲು ಇರಲಿ: ಹೊತ್ತು, ಯಾವ ಸ್ಕ್ರಿಪ್ಟ್, ಯಾವ ಸೇವೆ, ಉತ್ತರದ ಕೋಡ್, ಎಷ್ಟನೆಯ ಪ್ರಯತ್ನ, ಹಂಡೆಯಲ್ಲಿ ಉಳಿದದ್ದು, ಇವತ್ತಿನ ಎಣಿಕೆ. ಹೋದ ವರ್ಷ ಜುಲೈ 31ರ ರಾತ್ರಿ ನಾನು ಆ ಲಾಗನ್ನು ನೋಡುತ್ತಲೇ ಕೂತಿದ್ದೆ. ರಾತ್ರಿ 1ಕ್ಕೆ ಒಂದು 503 ಬಂತು, ಎರಡನೆಯ ಪ್ರಯತ್ನಕ್ಕೆ 200. ಬೆಳಿಗ್ಗೆ 4ಕ್ಕೆ ಬೈತಖೋಲಿನವರು ಹೊರಡುವಾಗ ಪುಟದಲ್ಲಿದ್ದದ್ದು 3:52ರ ಗಾಳಿ.